ಉಂಡ ತಟ್ಟೆಯನ್ನು ಎತ್ತುವವರು ಯಾರು?

ಈ ಮಾತು ಕೆಲವರಿಗೆ ಕಹಿಯೆನಿಸೀತು. ಆದರೂ ಬರೆಯದೆ ಗತ್ಯಂತರವಿಲ್ಲ.

ಹೋದ ವರ್ಷ ಗಂಗಾವತಿಯಲ್ಲಿ ಶ್ರೀಮಂತರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಅವರ 8 ವರ್ಷದ ಮಗ ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಎದ್ದನು. ಅದನ್ನು ಎತ್ತಲು ಬಂದವಳು ಕೂಲಿಯವರ ಹುಡುಗಿ. ಹೆಚ್ಚೆಂದರೆ 10 ವರ್ಷ. "ಅವನಿಗೇಕೆ ಈ ಕೆಲಸ, ಓದಿಕೊಳ್ಳಲಿ" ಎಂದರು ಯಜಮಾನರು. ನಾನು ಮರುಮಾತಾಡದೆ ಉಂಡು ಬಂದೆ. ಆ ಮೌನದ ಋಣವನ್ನು ಇಲ್ಲಿ ತೀರಿಸುತ್ತಿದ್ದೇನೆ.

14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 2016ರ ತಿದ್ದುಪಡಿಯು ಆ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಶಾಲೆಯ ವೇಳೆಯ ಹೊರಗೆ ತನ್ನ ಮನೆಯವರಿಗೆ ನೆರವಾಗುವ ಮಗುವಿಗೆ ವಿನಾಯಿತಿಯನ್ನಿತ್ತಿತು. ನಾವಾದರೋ ಕಾನೂನನ್ನು ತಲೆಕೆಳಗು ಮಾಡಿದ್ದೇವೆ. ಕೆಲಸ ಮಾಡಬಹುದಾದ ನಮ್ಮ ಮಗು ಕುಳಿತಿದೆ. ಮಾಡಕೂಡದ ಪರರ ಮಗು ದುಡಿಯುತ್ತಿದೆ. ಇದಕ್ಕೆ ವಾತ್ಸಲ್ಯವೆಂದು ಹೆಸರು! ನಮ್ಮ ಖರ್ಚನ್ನು ಬಡವರ ಖಾತೆಗೆ ಬರೆದಿಡುವ ಈ ಲೆಕ್ಕವನ್ನು ಯಾವ ವ್ಯಾಪಾರಿ ಒಪ್ಪಿಯಾನು?

ನನ್ನ ಬಾಲ್ಯ ಕಳೆದುದು ಯಲಬುರ್ಗಾದಲ್ಲಿ. ಕೊಪ್ಪಳ ಜಿಲ್ಲೆಯಾದುದು 1997ರಲ್ಲಿ. ಆಗ ನಾವು ರಾಯಚೂರಿಗೆ ಸೇರಿದವರು. 7 ವರ್ಷಕ್ಕೆಲ್ಲ ಹಾಸಿಗೆ ಮಡಚುವುದು, ಜೋಳ ಹಸನು ಮಾಡುವುದು, ನೀರು ಸೋಸುವುದು ನನ್ನ ಪಾಲಿಗೆ ಬಂದಿದ್ದವು. ಸೋಸಿದ ಬಟ್ಟೆಯನ್ನು ಮಗುಚಿ, ನೀರು ಹನಿಸಿ, ಅದರಲ್ಲಿನ ಜೀವಗಳನ್ನು ಅದೇ ಬಾವಿಗೆ ಇಳಿಸುವುದನ್ನು ಅವ್ವ ಕೈಹಿಡಿದು ಕಲಿಸಿದಳು. ಅಹಿಂಸೆಯೆಂಬ ಶಬ್ದ ತಿಳಿಯುವ ಮೊದಲೇ ಅದರ ಅಭ್ಯಾಸ ಕೈಗೆ ಬಂದಿತ್ತು. ವಸ್ತುವನ್ನು ನೋಡಿ ಎತ್ತಿ, ನೋಡಿ ಇಡುವ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ವಿಹಿತವಾದುದು, ನಿಜ. ಆದರೆ ತನ್ನ ತಟ್ಟೆಯನ್ನೇ ಎತ್ತದ ಬಾಲಕ ಅದನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿ ಫಲವೇನು?

"ಹಾಗಾದರೆ ಮಕ್ಕಳನ್ನು ದುಡಿಸಬೇಕೆನ್ನುವಿರೋ?" ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಹೇರಿಗೆ ಮಿತಿ ಹೇಳಿದ ಶಾಸ್ತ್ರ ಮಗುವನ್ನು ಮರೆತೀತೆ? 3 ವರ್ಷದ ಕೂಸು ತನ್ನ ಲೋಟ ತಂದಿಡಲಿ, 5 ವರ್ಷದ್ದು ತನ್ನ ಬಟ್ಟೆ ಮಡಚಲಿ. ಒಲೆ, ಕುದಿನೀರು, ತುಂಬಿದ ಕೊಡ ಬೇಡ. ಕುಷ್ಟಗಿಯ ಕಡೆ ತಾಯಿತಂದೆಯರು ಗುಳೆ ಹೋದಾಗ, ತಮ್ಮಂದಿರನ್ನು ಕಂಕುಳಲ್ಲಿ ಹೊತ್ತು ಶಾಲೆ ಬಿಡುವ ಹುಡುಗಿಯದು ಸ್ವಾವಲಂಬನೆಯಲ್ಲ, ಅತಿಭಾರವೇ ಸರಿ. ಮಗಳ ಕೈಗೆ ಕಸಬರಿಗೆ ಕೊಟ್ಟು ಮಗನನ್ನು ಗಾದಿಯ ಮೇಲೆ ಕೂಡ್ರಿಸುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಸ್ವಹಸ್ತದಿಂದ ಕೇಶಲೋಚ ಮಾಡಿಕೊಳ್ಳುವ ಮುನಿಗಳಿಗೆ ಇವರೇ ಅಡ್ಡಬೀಳುತ್ತಾರೆ!

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲರೆಂಬುದು ಅದರ ಆಶಯ. ಅಲ್ಲಿ ಚಿಕ್ಕವರೆಂದರೆ ಪದವಿಯಲ್ಲಿ ಚಿಕ್ಕವರು. ನಾನು ವಯಸ್ಸಿಗೆ ಅನ್ವಯಿಸಿದರೆ ವಿದ್ವಾಂಸರು ಮನ್ನಿಸಬೇಕು.

ಮೊನ್ನೆ 5 ವರ್ಷದ ನನ್ನ ಮೊಮ್ಮಗ ಒಂದು ಸೇರು ಜೋಳ ಚೆಲ್ಲಿದ. ಆರಿಸಲು ಕುಳಿತವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ನೆರವಿಗೆಂದು ಸೊಸೆ ಎದ್ದಳು. "ಕೂಡವ್ವ" ಎಂದೆ. ಕೊನೆಗೆ ಅವನೇ ಮರ ತಂದು ನನ್ನ ಮುಂದಿಟ್ಟ. ಎರಡು ಹರಳು ಉಳಿದಿದ್ದವು.