‘ಸೇದುವುದು ಬಿಡಿ’ ಎಂದರೆ ಚಿಕಿತ್ಸೆಯಾಯಿತೇ?

ಎದೆನೋವೆಂದು ಆಸ್ಪತ್ರೆ ಸೇರಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಟವರ ಡಿಸ್ಚಾರ್ಜ್ ಚೀಟಿಯನ್ನು ಒಮ್ಮೆ ಓದಿ ನೋಡಿ. ರಕ್ತದೊತ್ತಡಕ್ಕೆ, ಕೊಲೆಸ್ಟರಾಲ್‌ಗೆ, ರಕ್ತ ಹೆಪ್ಪುಗಟ್ಟದಿರುವುದಕ್ಕೆ ಎಂದು ಮಾತ್ರೆಗಳ ಹೆಸರು, ಪ್ರಮಾಣ, ಸೇವಿಸಬೇಕಾದ ಹೊತ್ತು ಎಲ್ಲವೂ ಅದರಲ್ಲಿರುತ್ತದೆ. ಕೊನೆಯಲ್ಲಿ ಒಂದು ಸಾಲು: ಧೂಮಪಾನ ತ್ಯಜಿಸಿರಿ. ಹೇಗೆ ತ್ಯಜಿಸಬೇಕು, ಯಾವ ದಿನದಿಂದ, ತಡೆಯಲಾಗದೆ ಹೋದರೆ ಯಾರನ್ನು ಕಾಣಬೇಕು ಎಂಬ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ತಿಂಗಳ ಬಳಿಕ ಅದೇ ರೋಗಿಯು ಬೀಡಿಯ ವಾಸನೆಯೊಂದಿಗೆ ತಪಾಸಣೆಗೆ ಬಂದರೆ ಅವನಿಗೆ ಸಿಗುವುದು ಗದರಿಕೆ. ಸಕ್ಕರೆ ಕಾಯಿಲೆಯವನಿಗೆ ‘ಸಕ್ಕರೆ ಇಳಿಸಿಕೊಳ್ಳಿ’ ಎಂದಷ್ಟೇ ಬರೆದು ಕಳುಹಿಸುವ ವೈದ್ಯರನ್ನು ನಾವು ಒಪ್ಪುತ್ತೇವೆಯೇ?

2016-17ರ ರಾಷ್ಟ್ರೀಯ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ವೈದ್ಯರನ್ನೋ ಆರೋಗ್ಯ ಸಿಬ್ಬಂದಿಯನ್ನೋ ಕಂಡಿದ್ದ ಧೂಮಪಾನಿಗಳ ಪೈಕಿ ‘ಬಿಟ್ಟುಬಿಡಿ’ ಎಂಬ ಮಾತನ್ನು ಕೇಳಿದವರು ಶೇ. 48.8 ಮಾತ್ರ. ಉಳಿದವರಿಗೆ ಆ ಗದರಿಕೆಯ ಭಾಗ್ಯವೂ ಇರಲಿಲ್ಲ. ಅದೇ ಸಮೀಕ್ಷೆಯಲ್ಲಿ ಶೇ. 55ರಷ್ಟು ಧೂಮಪಾನಿಗಳು ತಾವು ಬಿಡಬೇಕೆಂದಿದ್ದೇವೆ ಅಥವಾ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಬಾಗಿಲಲ್ಲಿ ನಿಂತಿದ್ದಾರೆ. ಕೈಹಿಡಿದು ಹೊರಗೆ ಕರೆತರಬೇಕಾದವರು ಇನ್ನೊಂದು ಎಕ್ಸ್-ರೇ ಬರೆದುಕೊಡುವುದರಲ್ಲಿ ಮಗ್ನರಾಗಿದ್ದಾರೆ.

‘ಹೇಳಿ ಏನು ಪ್ರಯೋಜನ, ಯಾರು ಕೇಳುತ್ತಾರೆ?’ ಎಂಬುದು ವೈದ್ಯರ ಸಿದ್ಧ ಉತ್ತರ. ಆದರೆ ವೈದ್ಯಶಾಸ್ತ್ರವು ಈ ಉತ್ತರವನ್ನು ಎಂದೋ ತಳ್ಳಿಹಾಕಿದೆ. 1979ರಲ್ಲಿ ಲಂಡನ್ನಿನ 28 ಕುಟುಂಬ ವೈದ್ಯರ ಬಳಿಗೆ ಬಂದ ಎರಡು ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ಏನನ್ನೂ ಹೇಳದೆ ಬಿಟ್ಟವರ ಪೈಕಿ ವರ್ಷದ ಕೊನೆಗೆ ಸೇದುವುದನ್ನು ನಿಲ್ಲಿಸಿದ್ದವರು ಶೇ. 0.3. ಒಂದೆರಡು ನಿಮಿಷದ ಸಲಹೆ, ಒಂದು ಕರಪತ್ರ ಮತ್ತು ‘ಮುಂದೆ ವಿಚಾರಿಸುತ್ತೇವೆ’ ಎಂಬ ಎಚ್ಚರಿಕೆ ಪಡೆದವರಲ್ಲಿ ಶೇ. 5.1. ಈ ಸಂಖ್ಯೆ ಚಿಕ್ಕದೆಂದು ನಗುವವರು, ದಿನಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯರು ಇಡೀ ವೃತ್ತಿಜೀವನದಲ್ಲಿ ಎಷ್ಟು ಮಂದಿಯನ್ನು ಉಳಿಸಬಲ್ಲರು ಎಂದು ಲೆಕ್ಕ ಹಾಕಲಿ.

ಲಂಡನ್ನಿನ ಮಾತು ನಮಗೇಕೆ ಎನ್ನುವವರಿಗಾಗಿ ನೆರೆಯ ಪಾಕಿಸ್ತಾನದ ಉದಾಹರಣೆಯಿದೆ. ಅಲ್ಲಿನ ಪಂಜಾಬಿನ ಝಂಗ್ ಮತ್ತು ಸರ್ಗೋಧಾ ಜಿಲ್ಲೆಗಳ ಆರೋಗ್ಯ ಕೇಂದ್ರಗಳಲ್ಲಿ, ಕ್ಷಯದ ಶಂಕೆಯಿಂದ ಬಂದಿದ್ದ ಧೂಮಪಾನಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎಂದಿನಂತೆ ನೋಡಿ ಕಳುಹಿಸಿದವರಲ್ಲಿ ಆರು ತಿಂಗಳ ಕಾಲ ಸೇದದೆ ಉಳಿದವರು ಶೇ. 8.5. ಕುಳ್ಳಿರಿಸಿ ಎರಡು ಬಾರಿ ಸಮಾಧಾನದಿಂದ ಮಾತನಾಡಿಸಿದವರಲ್ಲಿ ಶೇ. 41. ಮಾತಿನೊಂದಿಗೆ ಬುಪ್ರೊಪಿಯಾನ್ ಮಾತ್ರೆಯನ್ನೂ ಕೊಟ್ಟವರಲ್ಲಿ ಶೇ. 45. ಫಲಿತಾಂಶ ಕೇಂದ್ರದಿಂದ ಕೇಂದ್ರಕ್ಕೆ ಬಹಳ ಬದಲಾಗಿತ್ತೆಂಬುದನ್ನೂ ಹೇಳಬೇಕು. ಮಾತನಾಡಿಸುವವರು ಎಂಥವರು ಎಂಬುದು ಅಲ್ಲಿ ಮುಖ್ಯವಾಗಿರಬಹುದು. 2020ರಲ್ಲಿ ಬಾಂಗ್ಲಾದೇಶ ಮತ್ತು ಪಾಕಿಸ್ತಾನದ ಸುಮಾರು ಎರಡೂವರೆ ಸಾವಿರ ಕ್ಷಯರೋಗಿಗಳ ಅಧ್ಯಯನ ಬಂತು. ಎಲ್ಲರಿಗೂ ಆಪ್ತ ಸಲಹೆ. ಅರ್ಧದಷ್ಟು ಮಂದಿಗೆ ಸೈಟಿಸಿನ್ ಮಾತ್ರೆ, ಉಳಿದರ್ಧಕ್ಕೆ ಹುಸಿ ಮಾತ್ರೆ. ಬಿಟ್ಟವರು ಕ್ರಮವಾಗಿ ಶೇ. 32 ಮತ್ತು ಶೇ. 30. ಬಡರೋಗಿಗಳಿರುವ, ಗದ್ದಲದ ಸರಕಾರಿ ಆಸ್ಪತ್ರೆಗಳಲ್ಲಿಯೂ ಮೂವರಲ್ಲಿ ಒಬ್ಬರನ್ನು ಬಿಡಿಸಬಹುದೆಂದರೆ, ಹವಾನಿಯಂತ್ರಿತ ಕೋಣೆಯಲ್ಲಿ ಕನ್ಸಲ್ಟೇಶನ್ ಫೀಸು ಪಡೆಯುವವರಿಗೆ ಅದೇಕೆ ಅಸಾಧ್ಯ?

ಔಷಧಿಗಳು ವ್ಯರ್ಥವೆಂದು ಇದರ ಅರ್ಥವಲ್ಲ. ಪೋಲೆಂಡಿನ 740 ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಸೈಟಿಸಿನ್ ಪಡೆದ ಶೇ. 8.4 ಮಂದಿ ವರ್ಷವಿಡೀ ದೂರವಿದ್ದರೆ, ಹುಸಿ ಮಾತ್ರೆಯವರಲ್ಲಿ ಅದು ಶೇ. 2.4. ವರೆನಿಕ್ಲಿನ್ ಎಂಬ ಮಾತ್ರೆ ಮನಸ್ಸನ್ನು ಕೆಡಿಸುತ್ತದೆ, ಆತ್ಮಹತ್ಯೆಗೆ ದೂಡುತ್ತದೆ ಎಂಬ ಭಯವಿತ್ತು. ಅಮೆರಿಕದ ಔಷಧ ನಿಯಂತ್ರಕರ ಆಗ್ರಹದ ಮೇರೆಗೆ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನವು 2016ರಲ್ಲಿ ಆ ಭಯಕ್ಕೆ ಆಧಾರ ಕಾಣಲಿಲ್ಲ. (ಹಣ ಹಾಕಿದ್ದು ಔಷಧ ಕಂಪೆನಿಗಳೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.) 2024ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವರೆನಿಕ್ಲಿನ್, ಬುಪ್ರೊಪಿಯಾನ್, ಸೈಟಿಸಿನ್, ನಿಕೋಟಿನ್ ಗಮ್ ಮತ್ತು ಪಟ್ಟಿ ಇವೆಲ್ಲವನ್ನೂ ಶಿಫಾರಸು ಮಾಡಿತು, ಜೊತೆಗೆ ಆರೋಗ್ಯ ಸಿಬ್ಬಂದಿಯ ಅರ್ಧ ನಿಮಿಷದಿಂದ ಮೂರು ನಿಮಿಷದ ಸಲಹೆಯನ್ನೂ. ಮೂರು ನಿಮಿಷ!

ಇನ್ನು ನಾವು. ಸಿಗರೇಟು ಹರಾಮೋ ಮಕ್ರೂಹೋ ಎಂದು ಗಂಟೆಗಟ್ಟಲೆ ವಾದಿಸುವ ನಮ್ಮ ಹಿರಿಯರು, ಸೇದುವವನ ಪಕ್ಕದಲ್ಲಿ ಹತ್ತು ನಿಮಿಷ ಕೂತದ್ದುಂಟೇ? ರಂಝಾನಿನಲ್ಲಿ ಹಗಲಿಡೀ ಬೀಡಿ ಮುಟ್ಟದವನು ಇಫ್ತಾರ್ ಮುಗಿಯುತ್ತಲೇ ಮಸೀದಿಯ ಗೇಟಿನ ಹೊರಗೆ ಕಡ್ಡಿ ಗೀರುವುದನ್ನು ಕಂಡು ‘ಈಮಾನಿನ ಕೊರತೆ’ ಎಂದು ಗೊಣಗುತ್ತೇವೆ. ನಿಕೋಟಿನ್ ನಿಂತಾಗಿನ ಚಡಪಡಿಕೆ ತಾರಕಕ್ಕೇರುವುದು ಮೊದಲ ಎರಡು-ಮೂರು ದಿನಗಳಲ್ಲಿ. ಪ್ರತಿ ರಾತ್ರಿ ಸೇದುವವನು ಆ ದಿನಗಳನ್ನು ದಾಟುವುದೇ ಇಲ್ಲ. ಮರುದಿನ ಮೊದಲಿನಿಂದ ಆರಂಭ. ಹದಿಮೂರು ಗಂಟೆ ತಡೆದುಕೊಂಡವನಲ್ಲಿ ಸಂಕಲ್ಪದ ಕೊರತೆಯಿದೆ ಎಂದು ಯಾರೂ ಹೇಳಲಾಗದು. ರಾತ್ರಿಯ ಆ ಕೆಲವು ಗಂಟೆಗಳಿಗೆ ಅವನಿಗೆ ಬೇಕಾಗಿರುವುದು ವೈದ್ಯರ ಚೀಟಿ, ಒಂದು ಗಮ್, ಮತ್ತು ನಿಂದಿಸದ ಒಬ್ಬ ಗೆಳೆಯ.

ಆಳುವವರ ಪಾಲೂ ಕಡಿಮೆಯಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯು ಬೀಡಿಯ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟುವವರ ಹಿತಕ್ಕಾಗಿ ಎಂದು ಸಮರ್ಥಿಸಿದವರಿದ್ದಾರೆ. ಕರಾವಳಿಯಲ್ಲಿ ಬೀಡಿ ಕಟ್ಟಿ ಮನೆ ನಡೆಸುವ ತಾಯಂದಿರು ನಮ್ಮದೇ ಓದುಗರ ಮನೆಗಳಲ್ಲಿದ್ದಾರೆ, ಅವರ ಅನ್ನದ ಬಗ್ಗೆ ನಾವು ಹಗುರವಾಗಿ ಮಾತನಾಡಲಾರೆವು. ಆದರೆ ಅವರಿಗೆ ಬೇಕಾದದ್ದು ಸಾವಿರ ಬೀಡಿಗೆ ನ್ಯಾಯವಾದ ಮಜೂರಿ ಮತ್ತು ಬೇರೊಂದು ಕಸುಬಿನ ದಾರಿ. ಬೀಡಿಯನ್ನು ಅಗ್ಗಗೊಳಿಸಿ ಅವರ ಗಂಡಂದಿರಿಗೆ ಇನ್ನಷ್ಟು ಸೇದಿಸುವುದು ಯಾವ ಹಿತ?

ತಂಬಾಕು ತ್ಯಜಿಸಲು ನೆರವಾಗುವ 1800-11-2356 ಎಂಬ ಉಚಿತ ಸಹಾಯವಾಣಿ 2016ರಿಂದ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು. 2018ರಿಂದ ಆ ಸಂಖ್ಯೆಯನ್ನು ಪ್ಯಾಕೆಟ್ಟಿನ ಮೇಲೆಯೇ ಮುದ್ರಿಸಲಾಗುತ್ತಿದೆ. ಗೂಡಂಗಡಿಯಲ್ಲಿ ಒಂದೊಂದಾಗಿ ಕೊಳ್ಳುವವನಿಗೆ ಆ ಪ್ಯಾಕೆಟ್ಟು ಕಾಣುವುದೇ ಇಲ್ಲ. ಆಸ್ಪತ್ರೆಯ ಗೋಡೆಯ ಮೇಲಾದರೂ, ಮಸೀದಿಯ ನೋಟಿಸ್ ಬೋರ್ಡಿನಲ್ಲಾದರೂ ಅದನ್ನು ನೀವು ಕಂಡಿದ್ದೀರಾ?