ಎತ್ತಿಗೆ ಜ್ವರ, ಬೆಲ್ಟಿಗೆ ಬರೆ

ಒಂದು ಕಾರು ಎಂಟು ತಿಂಗಳಲ್ಲಿ ಮೂರು ಆಲ್ಟರ್ನೇಟರ್ ಬೆಲ್ಟ್ ತಿಂದು ಹಾಕಿದರೆ ತಪ್ಪು ಬೆಲ್ಟಿನದಲ್ಲ. ಇಷ್ಟು ಹೇಳೋದಕ್ಕೆ ಮೆಕ್ಯಾನಿಕಲ್ ಎಂಜಿನಿಯರ್ ಆಗಿರಬೇಕಿಲ್ಲ, ದಿನವಿಡೀ ಕೀಬೋರ್ಡ್ ಕುಟ್ಟುವ ನನ್ನಂಥವನೂ ಹೇಳಬಹುದು. ಆದರೂ ನಮ್ಮಲ್ಲಿ ಬೆಲ್ಟ್ ಕಟ್ಟಾದರೆ ಬೆಲ್ಟ್ ಹಾಕ್ತಾರೆ. ಮತ್ತೆ ಕಟ್ಟಾದರೆ ಮತ್ತೆ ಬೆಲ್ಟ್ ಹಾಕ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ.

ಇದು ನಮ್ಮ ಸೋದರಮಾವನ ಕಾರಿನ ಕಥೆ. ಸುದ್ದಗುಂಟೆಪಾಳ್ಯದ ಅವರ ಗಲ್ಲಿಯಲ್ಲಿ ಬೆಳಗ್ಗೆ ಏಳೂವರೆಗೆ ಆ ಕಾರು ಸ್ಟಾರ್ಟ್ ಆದರೆ ಬೇರೆ ಅಲಾರಂ ಬೇಕಿರಲಿಲ್ಲ. ಕೀಂಯ್ಯ್ ಅಂತ ಅರ್ಧ ನಿಮಿಷ ಕಿರುಚಿ ಆಮೇಲೆ ಸುಮ್ಮನಾಗುತ್ತಿತ್ತು. ಮೊದಲ ಬೆಲ್ಟ್ ಹೋದಾಗ ಗ್ಯಾರೇಜಿನವನು "ಹಳೇದಾಗಿತ್ತು ಸಾರ್" ಅಂದ, ಸರಿ. ಎರಡನೇದು ಹೋದಾಗ "ಅದು ಲೋಕಲ್ ಮಾಲು ಸಾರ್, ಈ ಸಲ ಒರಿಜಿನಲ್ ಹಾಕ್ತೀನಿ" ಅಂದ. ಮೂರನೇ ಸಲ "ಟೈಟ್ ಮಾಡಿದೀನಿ ಸಾರ್, ಇನ್ನು ಸೌಂಡೇ ಬರಲ್ಲ" ಅಂದ. ಸೌಂಡ್ ಬರಲಿಲ್ಲ ನಿಜ, ಒಂದು ವಾರ. ಪ್ರತಿ ಸಲವೂ ಬಿಲ್ಲಿನಲ್ಲಿ ಬೆಲ್ಟಿನ ದುಡ್ಡು ಇತ್ತು, ಹಾಕಿದ ಕೂಲಿ ಇತ್ತು. ಯಾಕೆ ಹೋಯ್ತು ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ.

ಈ ಬೆಲ್ಟಿನ ಮೇಲೆ ಎಷ್ಟು ಭಾರ ಬೀಳುತ್ತೆ ಅಂತ ಬಹಳ ಜನಕ್ಕೆ ಅಂದಾಜಿಲ್ಲ. 55 ಆಂಪಿಯರ್‌ನ ಸಣ್ಣ ಆಲ್ಟರ್ನೇಟರ್ ಅಂತಲೇ ಇಟ್ಟುಕೊಳ್ಳಿ. 14 ವೋಲ್ಟಿಗೆ ಅದು 770 ವ್ಯಾಟ್, ಅಂದರೆ ಒಂದು ಅಶ್ವಶಕ್ತಿ. ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ ಪೂರ್ತಿ ಲೋಡಿನಲ್ಲಿ ಬೆಲ್ಟು ಎಳೆಯಬೇಕಾದದ್ದು ಒಂದೂವರೆ ದಾಟುತ್ತದೆ. ವಿಟಿಯುನಲ್ಲಿ ಓದಿದವರಿಗೆ ಮೊದಲ ವರ್ಷದ ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ನೆನಪಿರಬಹುದು. ಬೆಲ್ಟಿನ ಹಿಡಿತ ಘರ್ಷಣೆ, ಬಿಗಿತ, ಮತ್ತು ಅದು ಪುಲ್ಲಿಯನ್ನು ಎಷ್ಟು ಸುತ್ತಿಕೊಂಡಿದೆ ಅನ್ನೋದರ ಮೇಲೆ ನಿಂತಿದೆ ಅಂತ ಉರು ಹೊಡೆದು, ಬರೆದು, ಮರೆತಿದ್ದೇವೆ. ಆಲ್ಟರ್ನೇಟರ್ ಪುಲ್ಲಿ ಚಿಕ್ಕದು, ಬೆಲ್ಟು ಅದನ್ನು ಸುತ್ತಿಕೊಳ್ಳೋದೂ ಕಡಿಮೆ. ಹಾಗಾಗಿ ಜಾರುವುದು ಸಾಮಾನ್ಯವಾಗಿ ಅಲ್ಲೇ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಿರುಚೋದು ಯಾಕೆ ಅಂದರೆ, ಸ್ಟಾರ್ಟರ್ ಮೋಟಾರು ಹೀರಿಕೊಂಡ ಕರೆಂಟನ್ನು ಬ್ಯಾಟರಿ ವಾಪಸ್ ಕೇಳುವ ಹೊತ್ತು ಅದು. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕೂಗು ನಿಲ್ಲುತ್ತೆ, ಓನರ್ರು "ಸರಿಹೋಯ್ತು" ಅಂದುಕೊಂಡು ಆಫೀಸಿಗೆ ಹೋಗ್ತಾರೆ. ಒಳಗೆ ಒಂದು ಸೆಲ್ ಸತ್ತ ಬ್ಯಾಟರಿ ಇದ್ದರಂತೂ ಅದು ತುಂಬೋದೇ ಇಲ್ಲ, ಬೆಲ್ಟಿಗೆ ಇಡೀ ದಿನ ಹೇರು ಇಳಿಯೋದೇ ಇಲ್ಲ. ಹೊಸ ಬೆಲ್ಟ್ ಹಾಕಿ ಏನು ಬಂತು ಹೇಳಿ?

ಹರಿದ ಬೆಲ್ಟ್ ಅನ್ನೋದು ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಗ್ ಫೈಲು. ಓದೋಕೆ ಬಂದರೆ ಎಲ್ಲಾ ಅದರಲ್ಲೇ ಬರೆದಿರುತ್ತೆ. ಒಳಮೈ ಕನ್ನಡಿ ಥರ ಮಿರಿಮಿರಿ ಅಂತಿದ್ದರೆ ಜಾರಿ ಜಾರಿ ಸುಟ್ಟಿದೆ ಅಂತ. ಒಂದೇ ಅಂಚಿನಲ್ಲಿ ನೂಲು ಕಿತ್ತು ಬಂದಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲ. ಉಬ್ಬಿ ಮೆತ್ತಗಾಗಿದ್ದರೆ ಎಲ್ಲಿಂದಲೋ ಆಯಿಲ್ ಸೋರುತ್ತಿದೆ, ಮೊದಲು ಆ ಸೀಲ್ ನೋಡಿ. ಗರ ಗರ ಅನ್ನೋ ಸದ್ದಿದ್ದರೆ ಬೆಲ್ಟ್ ಬಿಚ್ಚಿ ಆಲ್ಟರ್ನೇಟರನ್ನು ಕೈಯಲ್ಲೇ ತಿರುಗಿಸಿ ನೋಡಬೇಕು, ಬೇರಿಂಗ್ ಹೋಗಿದ್ದರೆ ಬೆರಳಿಗೇ ಗೊತ್ತಾಗುತ್ತೆ. ಇನ್ನೊಂದು ಹಳೇ ಉಪಾಯ ಇದೆ. ಎಂಜಿನ್ ಓಡುವಾಗ ಬೆಲ್ಟಿನ ಒಳಮೈಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸೋದು (ದುಪಟ್ಟ, ಟವೆಲ್ಲು, ಬೆರಳು ಎಲ್ಲ ದೂರ ಇರಲಿ!). ಕೂಗು ಜಾಸ್ತಿ ಆದರೆ ಬಿಗಿತ ಸಾಲದು, ಬೆಲ್ಟು ಜಾರುತ್ತಿದೆ. ನೀರು ಬಿದ್ದ ಕೂಡಲೇ ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾದರೆ ಪುಲ್ಲಿ ಸೊಟ್ಟಗಿದೆ. ಬಾಟಲಿಗೆ ಮೂವತ್ತು ರೂಪಾಯಿ, ನೀರಿಗೆ ದುಡ್ಡಿಲ್ಲ. ಇದನ್ನು ಬಿಟ್ಟು ಬೆಲ್ಟಿಗೆ ಸೋಪು ಉಜ್ಜೋದು, ಪೌಡರ್ ಹಾಕೋದು, ಎಂಥದೋ ಸ್ಪ್ರೇ ಹೊಡೆಯೋದು... ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಎಳೆದು ಬಿಗಿ ಮಾಡೋದು ಇನ್ನೂ ಕೆಟ್ಟದ್ದು. ಬೆಲ್ಟ್ ಉಳಿದರೂ ಆಲ್ಟರ್ನೇಟರಿನ ಬೇರಿಂಗ್ ಹೋಗುತ್ತೆ, ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಅದರ ಬೇರಿಂಗೂ ಹೋಗುತ್ತೆ.

ಮಾವ ಮೂರೂ ಹರಿದ ಬೆಲ್ಟನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು. ಏನನ್ನೂ ಎಸೆಯದ ಜಾತಿ, ಈ ಸಲ ಅದೇ ಉಪಕಾರಕ್ಕೆ ಬಂತು. ಮೂರರಲ್ಲೂ ಒಂದೇ ಅಂಚು ಕಿತ್ತಿತ್ತು. "ಮಾವ, ಬೆಲ್ಟ್ ಬೇಡ, ಕಾರಣ ಹುಡುಕಿಸೋಣ" ಅಂದೆ. "ಅದಕ್ಕೆ ಅಂತ ಬೇರೆ ಅಂಗಡಿ ಇದೆಯೇನೋ?" ಅಂದರು. ತಾವರೆಕೆರೆ ಮೇನ್ ರೋಡಿನ ಕಡೆ ಒಂದು ಸಣ್ಣ ಶೆಡ್ಡು, ಅಲ್ಲಿನ ವಯಸ್ಸಾದ ಮೇಸ್ತ್ರಿಗೆ ಕಾರು ತೋರಿಸಿ ಒಂದು ಮಾತು ಮೊದಲೇ ಹೇಳಿದೆ: ಏನೂ ಬದಲಾಯಿಸಬೇಡಿ, ಯಾಕೆ ಹೋಗ್ತಿದೆ ಅಂತ ನೋಡಿ ಸಾಕು, ನೋಡಿದ್ದಕ್ಕೇ ಐನೂರು ಕೊಡ್ತೀವಿ. ಆತ ನಕ್ಕುಬಿಟ್ಟರು. "ನೋಡೋಕೆ ಯಾರು ಸಾರ್ ದುಡ್ಡು ಕೊಡ್ತಾರೆ?"

ಆಮೇಲೆ ನೋಡಿದರು ನೋಡಿ. ಕ್ರ್ಯಾಂಕ್ ಪುಲ್ಲಿ ಒಂದೇ ತುಂಡು ಕಬ್ಬಿಣ ಅಂದುಕೊಂಡಿದ್ದೆ. ಈ ಕಾರಿನಲ್ಲಿ ಅದು ಒಳಗೊಂದು ಹೊರಗೊಂದು ಬಳೆ, ನಡುವೆ ಎಂಜಿನ್ನಿನ ನಡುಕ ಹೀರೋದಕ್ಕೆ ರಬ್ಬರ್. ಸೀಮೆಸುಣ್ಣದಲ್ಲಿ ಎರಡೂ ಬಳೆಗಳ ಮೇಲೆ ಒಂದೇ ಗೆರೆ ಎಳೆದರು, ಎಂಜಿನ್ ಓಡಿಸಿ ನಿಲ್ಲಿಸಿದರು. ಗೆರೆ ಎರಡಾಗಿತ್ತು! ರಬ್ಬರ್ ಬಿಟ್ಟುಕೊಂಡು ಹೊರಗಿನ ಬಳೆ ಜಾರುತ್ತಿತ್ತು, ಜೊತೆಗೆ ಹಿಂದಕ್ಕೂ ಸರಿದು ಬೆಲ್ಟನ್ನು ಓರೆಯಾಗಿ ಎಳೆಯುತ್ತಿತ್ತು. ಎಲ್ಲಾ ಸೇರಿ ಇಪ್ಪತ್ತು ನಿಮಿಷ.

ನನ್ನ ವಾದ ಇಷ್ಟೇ. ಮೊದಲಿನ ಗ್ಯಾರೇಜಿನವನಿಗೆ ಈ ಇಪ್ಪತ್ತು ನಿಮಿಷದ ಕೆಲಸ ಬರುತ್ತಿರಲಿಲ್ಲ ಅಂತ ನಾನು ಒಪ್ಪಲ್ಲ. ಆ ಇಪ್ಪತ್ತು ನಿಮಿಷಕ್ಕೆ ಯಾರೂ ದುಡ್ಡು ಕೊಡಲ್ಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಲ್ಟು ಕೈಯಲ್ಲಿ ಹಿಡಿದು ತೋರಿಸಬಹುದಾದ ವಸ್ತು, ಅದರ ಬೆಲೆಗೆ ನಾವು ತಕರಾರು ಮಾಡಲ್ಲ. ಯೋಚನೆಗೆ ಬಿಲ್ ಬರೆದರೆ "ಏನ್ ಮಾಡಿದೆಯಪ್ಪಾ ಇದಕ್ಕೆ?" ಅಂತ ಜಗಳಕ್ಕೆ ನಿಲ್ಲುತ್ತೇವೆ. ಡಾಕ್ಟರಿಗೆ ಮಾತ್ರೆ ಕೊಡದೇ ಇದ್ದರೂ ಫೀಸು ಕೊಡ್ತೀವಿ. ನಮ್ಮ ಕಂಪನಿಗಳಲ್ಲಿ ಸರ್ವರ್ ಬಿದ್ದರೆ ಬರೀ ರೀಸ್ಟಾರ್ಟ್ ಮಾಡಿ ಕೂತರೆ ಮ್ಯಾನೇಜರು ಬಿಡಲ್ಲ, ಮೂಲ ಕಾರಣ ಬರೆದು ಕಳಿಸು ಅಂತಾನೆ, ಅದಕ್ಕೆ ಸಂಬಳಾನೂ ಕೊಡ್ತಾನೆ. ಮೆಕ್ಯಾನಿಕ್ ಮಾತ್ರ ಪುಕ್ಕಟೆ ಯೋಚನೆ ಮಾಡಬೇಕು!

ಇದು ನಮ್ಮೂರಿಗೆ ತೀರಾ ಹೊಸದೇನಲ್ಲ. ಪಕ್ಕದ ಆಡುಗೋಡಿಯ ಮೈಕೋ 1951ರಲ್ಲಿ ಶುರುವಾದ ಕಂಪನಿ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ಅವರ ಡೀಸೆಲ್ ಪಂಪುಗಳನ್ನು ರಿಪೇರಿ ಮಾಡುವ ಕಡೆ ಪಂಪನ್ನು ಟೆಸ್ಟ್ ಬೆಂಚಿಗೆ ಏರಿಸಿ ಅಳತೆ ನೋಡೋದೇ ಒಂದು ಕೆಲಸ, ಅದಕ್ಕೆ ಲಾರಿಯವರು ತಕರಾರಿಲ್ಲದೆ ದುಡ್ಡು ಕೊಡುತ್ತಾರೆ. ಲಾರಿ ಒಂದು ದಿನ ನಿಂತರೆ ಎಷ್ಟು ನಷ್ಟ ಅಂತ ಅವರಿಗೆ ಗೊತ್ತು. ದೊಡ್ಡ ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಾಕೋಕೆ ದುಡ್ಡು ತಗೋತಾರಲ್ಲ ಅಂತೀರಾ? ತಗೋತಾರೆ. ಆದರೆ ಬೆಲ್ಟಿಗೆ ಸೆನ್ಸರ್ ಇಲ್ಲ ಸ್ವಾಮಿ. ಹೆಚ್ಚೆಂದರೆ ವೋಲ್ಟೇಜ್ ಕಡಿಮೆ ಇದೆ ಅಂತ ಹೇಳೀತು, ಪುಲ್ಲಿಯ ರಬ್ಬರ್ ಅದಕ್ಕೆ ಕಾಣಲ್ಲ. ಇನ್ನು ನಕಲಿ ಮಾಲು ಸುಳ್ಳೇನಲ್ಲ, ಜೆ.ಸಿ. ರೋಡಿಗೆ ಹೋದರೆ ಒಂದೇ ನಂಬರಿನ ಬೆಲ್ಟು ನಾಲ್ಕು ದರಕ್ಕೆ ಸಿಗುತ್ತೆ. ಹಾಗಂತ ಮೂರೂ ಬೆಲ್ಟು ಒಂದೇ ಅಂಚಿನಲ್ಲಿ ಹರಿಯಲ್ಲ.

ಬೆಂಗಳೂರಿನವರು ಕಿಲೋಮೀಟರ್ ಲೆಕ್ಕವನ್ನೂ ಪೂರ್ತಿ ನಂಬಬಾರದು. 2022ರ ಟಾಮ್‌ಟಾಮ್ ಲೆಕ್ಕದಲ್ಲಿ ನಗರದ ನಡುಭಾಗದಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 29 ನಿಮಿಷ, ಅಂದರೆ ಗಂಟೆಗೆ ಸುಮಾರು 20. ಆ ಲೆಕ್ಕದಲ್ಲಿ 40,000 ಕಿ.ಮೀ. ಅಂದರೆ ಎಂಜಿನ್ 2,000 ಗಂಟೆ ಓಡಿದೆ. ಹೈವೇಯಲ್ಲಿ 80ರಲ್ಲಿ ಹೋಗುವವನಿಗೆ ಅದೇ ದೂರಕ್ಕೆ 500 ಗಂಟೆ. ಅದರ ಮೇಲೆ ಸಿಲ್ಕ್ ಬೋರ್ಡಿನ ಮಳೆಯಲ್ಲಿ ಎಸಿ, ವೈಪರ್, ಹೆಡ್‌ಲೈಟ್ ಎಲ್ಲಾ ಹಾಕಿಕೊಂಡು ನಿಂತಲ್ಲೇ ನಿಂತಿರುತ್ತೇವೆ.

ಬೆಲ್ಟ್ ತಾನೇ ಅಂತ ಅಸಡ್ಡೆ ಮಾಡೋರಿಗೆ ಒಂದು ಮಾತು. ಅದು ಹೋದರೆ ಬ್ಯಾಟರಿಯ ಕೆಂಪು ದೀಪ ಹತ್ತುತ್ತೆ. ಬ್ಯಾಟರಿ ಇರೋವರೆಗೆ ಹೋಗೋಣ ಅಂತ ಹೊರಟರೆ, ವಾಟರ್ ಪಂಪೂ ಅದೇ ಬೆಲ್ಟಿನಲ್ಲಿರುವ ಕಾರುಗಳಲ್ಲಿ ಕೆಲವೇ ನಿಮಿಷಕ್ಕೆ ಎಂಜಿನ್ ಕುದಿಯುತ್ತೆ, ಹೆಡ್ ಬೆಂಡಾದರೆ ಬಿಲ್ಲು ಸಾವಿರಗಳಲ್ಲಿ. ಟಾಟಾ ಸುಮೋ ಥರದ ಹಳೇ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತೆ. ಶಿರಾಡಿ ಘಾಟಿ ಇಳಿಯುವಾಗ ಅದು ಹರಿದರೆ ನಾಲ್ಕಾರು ಸಲ ಬ್ರೇಕ್ ತುಳಿಯೋದರೊಳಗೆ ಪೆಡಲ್ ಕಲ್ಲಾಗುತ್ತೆ. ಮದುವೆ ದಿಬ್ಬಣ ತುಂಬಿಕೊಂಡು ಹೋಗೋದು ಇಂಥ ಗಾಡಿಗಳಲ್ಲೇ.

ಮಾವನ ಕಾರಿಗೆ ಹೊಸ ಪುಲ್ಲಿ, ಹೊಸ ಬೆಲ್ಟು ಬಿತ್ತು. ಮೇಸ್ತ್ರಿ ಬಿಲ್ಲಿನಲ್ಲಿ ಐನೂರನ್ನು ಸೇರಿಸಿರಲೇ ಇಲ್ಲ, ನಾವೇ ನೆನಪಿಸಿ ಕೊಡಬೇಕಾಯ್ತು. ನಿಮ್ಮ ಏರಿಯಾದಲ್ಲಿ "ನೋಡೋಕೆ ಇಷ್ಟು" ಅಂತ ಬೋರ್ಡ್ ಹಾಕಿಕೊಂಡಿರುವ ಮೆಕ್ಯಾನಿಕ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಜಯನಗರ, ಬನಶಂಕರಿ ಆದರೂ ಪರವಾಗಿಲ್ಲ.