ಜ್ವರವಿಲ್ಲದವರಿಗೂ ಮಲೇರಿಯಾ ಮಾತ್ರೆ ಬೇಕೆ?

ಒಡಿಶಾದ ಮಲ್ಕಾನಗಿರಿ, ಕೋರಾಪುಟ್, ಕಂಧಮಾಲ್‌ನಂಥ ಜಿಲ್ಲೆಗಳ ದುರ್ಗಮ ಹಾಡಿಗಳಲ್ಲಿ 2017ರಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಆರೋಗ್ಯ ಇಲಾಖೆಯವರು ಮಳೆಗಾಲದ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಊರಿಗೆ ಬರುತ್ತಾರೆ. ಜ್ವರ ಇರಲಿ, ಬಿಡಲಿ, ಎಳೆಮಕ್ಕಳಿಂದ ಮುದುಕರವರೆಗೆ ಎಲ್ಲರ ಬೆರಳು ಚುಚ್ಚಿ ರಕ್ತ ನೋಡುತ್ತಾರೆ. ಸೋಂಕು ಸಿಕ್ಕರೆ ಅಲ್ಲೇ ಮಾತ್ರೆ. ‘ದಮನ್’ ಎಂಬುದು ಈ ಯೋಜನೆಯ ಹೆಸರು. 2020ರ ಜನವರಿಯಲ್ಲಿ ಛತ್ತೀಸಗಢದ ಬಸ್ತರ್ ಕೂಡ ಇದೇ ದಾರಿ ಹಿಡಿಯಿತು. 2030ರೊಳಗೆ ದೇಶದಿಂದ ಮಲೇರಿಯಾ ತೊಲಗಬೇಕೆಂಬುದು ಸರ್ಕಾರದ ಗುರಿ. ಹಾಗಿದ್ದರೆ ಮಲೇರಿಯಾ ಉಳಿದಿರುವ ಕಡೆಯಲ್ಲೆಲ್ಲ ಹೀಗೆ ಊರಿಗೆ ಊರನ್ನೇ ಪರೀಕ್ಷಿಸಿ ಮಾತ್ರೆ ಕೊಡಬೇಕೆ?

ಪರ: ಕಾಣದ ಸೋಂಕನ್ನು ಬಿಟ್ಟರೆ ಮಲೇರಿಯಾ ಹೋಗದು

ಬಸ್ತರ್‌ನ ಮೊದಲ ಸುತ್ತಿನ ಲೆಕ್ಕವನ್ನೇ ನೋಡಿ. ಸುಮಾರು 14 ಲಕ್ಷ ಜನರ ಪರೀಕ್ಷೆಯಾಯಿತು. 64 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಮಲೇರಿಯಾ ಸಿಕ್ಕಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಚಳಿ ಇಲ್ಲ, ನಡುಕ ಇಲ್ಲ, ಮೈ ಬಿಸಿಯೂ ಇಲ್ಲ. ಇವರು ತಾವಾಗಿ ಆಸ್ಪತ್ರೆಗೆ ಬರುವವರಲ್ಲ. ‘ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ?’ ಎಂದು ಬಾಗಿಲಲ್ಲಿ ನಿಂತು ಕೇಳುವ ಆರೋಗ್ಯ ಸಹಾಯಕರ ಪಟ್ಟಿಗೂ ಸೇರುವವರಲ್ಲ. ನಮ್ಮ ಮಲೇರಿಯಾ ನಿಯಂತ್ರಣ ದಶಕಗಳಿಂದ ಜ್ವರದ ಬೆನ್ನು ಹತ್ತಿಯೇ ನಡೆದಿದೆ. ಜ್ವರವೇ ಬಾರದ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರ ಕಣ್ಣಿಗೆ ಬೀಳುವುದು ಹೇಗೆ?

ಚಿಕ್ಕಂದಿನಿಂದ ಮತ್ತೆ ಮತ್ತೆ ಮಲೇರಿಯಾ ಬಂದು ಹೋದವರ ದೇಹ ರೋಗಾಣು ಮಿತಿಮೀರದಂತೆ ತಡೆಯಲು ಕಲಿಯುತ್ತದೆ. ಆದರೆ ಅದನ್ನು ಪೂರ್ತಿ ಹೊರಹಾಕಲಾರದು. ಆಫ್ರಿಕಾದ ಮಾಲಿಯಲ್ಲಿ ಸೊಳ್ಳೆ ಅಪರೂಪವಾಗುವ ಒಣ ತಿಂಗಳುಗಳಲ್ಲೂ ಫಾಲ್ಸಿಪ್ಯಾರಂ ರೋಗಾಣು ಜನರ ರಕ್ತದಲ್ಲಿ ತೀರಾ ಕಡಿಮೆ ಸಂಖ್ಯೆಯಲ್ಲಿ ಉಳಿದುಕೊಂಡು ಮುಂದಿನ ಮಳೆಗಾಲವನ್ನು ಮುಟ್ಟುವುದನ್ನು ಸಂಶೋಧಕರು 2020ರಲ್ಲಿ ವಿವರಿಸಿದರು. ಮಲೇರಿಯಾದ ಇನ್ನೊಂದು ರೋಗಾಣು ವೈವ್ಯಾಕ್ಸ್‌ಗೆ ಅಡಗಲು ಇನ್ನೂ ಎರಡು ತಾಣಗಳಿವೆ. ಯಕೃತ್ತಿನಲ್ಲಿ ಅದು ತಿಂಗಳುಗಟ್ಟಲೆ ಸುಪ್ತವಾಗಿರುತ್ತದೆ. ಇನ್ನೊಂದು ತಾಣ ಗುಲ್ಮ: ಇಂಡೊನೇಷ್ಯಾದ ಪಪುವಾದಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗುಲ್ಮಗಳನ್ನು ಪರೀಕ್ಷಿಸಿದಾಗ ಹರಿಯುವ ರಕ್ತದಲ್ಲಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವೈವ್ಯಾಕ್ಸ್ ಅಲ್ಲಿ ಸಿಕ್ಕಿತು. ಮಳೆ ಬಿದ್ದು ಅನಾಫಿಲಿಸ್ ಸೊಳ್ಳೆ ಹೆಚ್ಚಿತೆಂದರೆ, ಗದ್ದೆ ಕೆಲಸ ಮಾಡಿಕೊಂಡು ಗಟ್ಟಿಮುಟ್ಟಾಗಿರುವ ಮನುಷ್ಯನ ರಕ್ತ ಹೀರಿದ ಸೊಳ್ಳೆಯೇ ಕೆಲವು ದಿನಗಳ ನಂತರ ಪಕ್ಕದ ಮನೆಯ ಎರಡು ವರ್ಷದ ಮಗುವನ್ನು ಕಚ್ಚುತ್ತದೆ. ಆ ಮಗುವಿಗೆ ಅಂಥ ತಡೆಯಿಲ್ಲ. ಅದಕ್ಕೆ ಬರುವುದು ಪ್ರಾಣಕ್ಕೇ ಎರವಾಗಬಲ್ಲ ಜ್ವರ.

ಸೋಂಕು ಹೊತ್ತವರಿಗೆ ಇದರಿಂದ ತೊಂದರೆಯಿಲ್ಲ ಎನ್ನುವ ಮಾತನ್ನಂತೂ ಒಪ್ಪಲಾಗದು. ಜ್ವರ ಬರಲಿ, ಬಾರದಿರಲಿ, ರೋಗಾಣು ಬೆಳೆಯುವುದು ಕೆಂಪು ರಕ್ತಕಣಗಳನ್ನು ಒಡೆದುಕೊಂಡೇ. ತಿಂಗಳುಗಟ್ಟಲೆ ಹೀಗೆ ನಡೆದರೆ ರಕ್ತಹೀನತೆ ತಪ್ಪದು. ನೀರಿನ ಕೊಡ ಹೊತ್ತು ದಿಣ್ಣೆ ಹತ್ತುವಾಗ ಏದುಸಿರು ಬಿಡುವ ಹೆಂಗಸಿಗೆ ಎಲ್ಲರೂ ಹೇಳುವುದು ‘ಊಟ ಸಾಲದು’ ಎಂದೇ. ಗರ್ಭಿಣಿಯಲ್ಲಿ ಫಾಲ್ಸಿಪ್ಯಾರಂ ಹೊಕ್ಕುಳಬಳ್ಳಿಯ ಬುಡದ ಮಾಸಿನಲ್ಲಿ ಬೀಡುಬಿಡುತ್ತದೆ. ತಾಯಿಗೆ ಒಂದು ದಿನವೂ ಜ್ವರ ಬಾರದಿದ್ದರೂ ಕೂಸು ತೂಕ ಕಡಿಮೆಯಾಗಿ ಹುಟ್ಟಬಹುದು. ರಕ್ತದಲ್ಲಿ ಸೋಂಕಿದೆ ಎಂದು ಗೊತ್ತಾಗುವ ಸಾಧನ ಕೈಯಲ್ಲಿದ್ದೂ, ಜ್ವರ ಬರಲಿ ಆಮೇಲೆ ನೋಡೋಣ ಎಂದು ಈ ತಾಯಿಗೆ ಹೇಳುವುದು ಯಾವ ನ್ಯಾಯ?

ಒಡಿಶಾದಲ್ಲಿ 2016ರಲ್ಲಿ ನಾಲ್ಕು ಲಕ್ಷ ದಾಟಿದ್ದ ಮಲೇರಿಯಾ ಪ್ರಕರಣಗಳು 2018ರಲ್ಲಿ 70 ಸಾವಿರದೊಳಗೆ ಇಳಿದವು. ರಸ್ತೆಯಿಲ್ಲದ ಬೆಟ್ಟದೂರುಗಳಲ್ಲಿ ಇದು ಸಾಧ್ಯವಾಯಿತು. ನಮ್ಮ ಮಂಗಳೂರಿಗೂ ಇದರಲ್ಲಿ ಪಾಠವಿದೆ. 1990ರ ದಶಕದಿಂದ ಅಲ್ಲಿ ಮಲೇರಿಯಾ ಬೇರುಬಿಟ್ಟದ್ದು ಬಹುಮಹಡಿ ಕಟ್ಟಡಗಳ ಭರಾಟೆಯ ಜೊತೆಜೊತೆಗೇ. ಕಾಮಗಾರಿಯ ಶೆಡ್‌ಗಳಲ್ಲಿ ಮಲಗುವ ಕಾರ್ಮಿಕರಲ್ಲಿ ಮಲೇರಿಯಾ ಸೀಮೆಗಳಿಂದ ಬಂದವರು ಅನೇಕರು. ಮಲೇರಿಯಾ ಇರುವ ಪ್ರದೇಶದಿಂದ ಗುಂಪಾಗಿ ಬರುವವರನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2022ರ ಮಾರ್ಗಸೂಚಿಯಲ್ಲಿ ಷರತ್ತಿನೊಂದಿಗೆ ಸೂಚಿಸಿದೆ. ಊರು ಬಿಟ್ಟು ಬಂದ ಕೂಲಿಯವನು ದಿನದ ಸಂಬಳ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾರ. ಪರೀಕ್ಷೆಯೇ ಅವನಿದ್ದಲ್ಲಿಗೆ ಹೋಗಬೇಕು.

ವಿರೋಧ: ಕಿಟ್‌ಗೆ ಕಾಣದ್ದೇ ಹೆಚ್ಚು

ಇಡೀ ವಾದ ನಿಂತಿರುವುದು ಬೆರಳುದ್ದದ ಒಂದು ಪ್ಲಾಸ್ಟಿಕ್ ಕಿಟ್ ಮೇಲೆ. ಬೆರಳು ಚುಚ್ಚಿ ಒಂದು ಸಣ್ಣ ಹನಿ ರಕ್ತವನ್ನು ಅದರ ಕಿಂಡಿಗೆ ಬಿಡುತ್ತಾರೆ, ಮೇಲೆ ದ್ರಾವಣದ ಹನಿ ಹಾಕುತ್ತಾರೆ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಜ್ವರದಿಂದ ನಡುಗುತ್ತಿರುವವರಲ್ಲಿ ಈ ಕಿಟ್ ಪ್ರಾಣ ಉಳಿಸುವ ಸಾಧನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ನೂರರಿಂದ ಇನ್ನೂರು ರೋಗಾಣುಗಳಿದ್ದರೆ ಮಾತ್ರ ಅದರ ಗೆರೆಯನ್ನು ನಂಬಬಹುದು. ಹತ್ತೇ ಇದ್ದರೆ ಕಿಟ್ ‘ಇಲ್ಲ’ ಎನ್ನುತ್ತದೆ. ಐದು ಲೀಟರ್ ರಕ್ತವಿರುವ ದೇಹಕ್ಕೆ ಲೆಕ್ಕ ಹಾಕಿ: ಐದು ಕೋಟಿ ರೋಗಾಣು ಹೊತ್ತವನೂ ‘ಸೋಂಕಿಲ್ಲ’ ಎನಿಸಿಕೊಂಡು ಮನೆಗೆ ಹೋಗುತ್ತಾನೆ. ಲಕ್ಷಣವಿಲ್ಲದ ಸೋಂಕಿನಲ್ಲಿ ರೋಗಾಣು ಕಡಿಮೆ ಇರುವುದೇ ಸಾಮಾನ್ಯ. ಯಕೃತ್ತಿನಲ್ಲಿ ಮಲಗಿರುವ ವೈವ್ಯಾಕ್ಸ್ ಅನ್ನಂತೂ ಯಾವ ರಕ್ತಪರೀಕ್ಷೆಯೂ ಹಿಡಿಯದು. ಇನ್ನೊಂದು ಕಡೆ, ಫಾಲ್ಸಿಪ್ಯಾರಂಗೆ ಚಿಕಿತ್ಸೆ ಪಡೆದು ಗುಣವಾದವರ ರಕ್ತದಲ್ಲಿ ಕಿಟ್ ಹುಡುಕುವ ಪ್ರೋಟೀನು ವಾರಗಟ್ಟಲೆ ಉಳಿಯುತ್ತದೆ. ರೋಗವಿಲ್ಲದಿದ್ದರೂ ಗೆರೆ ಮೂಡುತ್ತದೆ.

ಹೀಗಾಗಿಯೇ ಬುರ್ಕಿನಾ ಫಾಸೊದ ಹಳ್ಳಿಗಳಲ್ಲಿ ಎಲ್ಲರನ್ನೂ ಕಿಟ್‌ನಿಂದ ಪರೀಕ್ಷಿಸಿ, ಸೋಂಕಿದ್ದವರಿಗೆಲ್ಲ ಔಷಧ ಕೊಟ್ಟರೂ ಮುಂದಿನ ಮಳೆಗಾಲದಲ್ಲಿ ಮಕ್ಕಳ ಮಲೇರಿಯಾ ಇಳಿಯಲಿಲ್ಲ. ಜಾಂಜಿಬಾರ್‌ನಲ್ಲೂ ಫಲ ಕಾಣಲಿಲ್ಲ. ಹರಡುವಿಕೆ ತಗ್ಗಿಸಲು ಊರಿಗೆ ಊರನ್ನೇ ಪರೀಕ್ಷಿಸಿ ಚಿಕಿತ್ಸೆ ಕೊಡುವುದು ಬೇಡ ಎಂದು, ಷರತ್ತಿನೊಂದಿಗೇ ಆದರೂ, ಹೇಳಿರುವುದು ಅದೇ 2022ರ ಮಾರ್ಗಸೂಚಿ.

ಒಡಿಶಾದ ಇಳಿಕೆ ನಿಜ. ಆದರೆ 2017ರಲ್ಲೇ ಅಲ್ಲಿ ಒಂದು ಕೋಟಿಗೂ ಹೆಚ್ಚು ಕೀಟನಾಶಕ ಲೇಪಿತ ಸೊಳ್ಳೆಪರದೆ ಹಂಚಲಾಯಿತು. ಇಳಿಕೆಯಲ್ಲಿ ಪರದೆಯ ಪಾಲೆಷ್ಟು, ಕಿಟ್‌ನ ಪಾಲೆಷ್ಟು ಎಂದು ಬೇರ್ಪಡಿಸಲಾಗದು. 2022ರಲ್ಲಿ 23 ಸಾವಿರದ ಆಸುಪಾಸಿನಲ್ಲಿದ್ದ ಪ್ರಕರಣಗಳು 2023ರಲ್ಲಿ 40 ಸಾವಿರ ದಾಟಿದ್ದನ್ನೂ ಮರೆಯಬಾರದು. ಪರೀಕ್ಷೆಯ ತಂಡ ಬಂದು ಹೋಯಿತು, ಇನ್ನು ಭಯವಿಲ್ಲ ಎಂದು ಊರಿನವರು ಪರದೆ ಮಡಿಸಿಟ್ಟರೆ ನಷ್ಟ ಯಾರಿಗೆ?

ನನ್ನ ದೊಡ್ಡ ಅಳುಕು ಔಷಧದ್ದು. ವೈವ್ಯಾಕ್ಸ್ ಅನ್ನು ಯಕೃತ್ತಿನಿಂದ ಕೀಳಲು ನಮ್ಮ ಕಾರ್ಯಕ್ರಮದಲ್ಲಿ ಕೊಡುವುದು ಪ್ರೈಮಾಕ್ವಿನ್, ದಿನಕ್ಕೊಮ್ಮೆ, ಹದಿನಾಲ್ಕು ದಿನ. ‘ಜಿ6ಪಿಡಿ’ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ಈ ಮಾತ್ರೆ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಮೂತ್ರ ಕಪ್ಪಗಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಹಲವು ಆದಿವಾಸಿ ಸಮುದಾಯಗಳಲ್ಲಿ ಈ ಕೊರತೆ ಅಪರೂಪವಲ್ಲ, ಮಲೇರಿಯಾ ಹೆಚ್ಚಿರುವುದೂ ಅವರ ಸೀಮೆಗಳಲ್ಲೇ. ಜ್ವರದಿಂದ ಬಳಲುವವರಿಗೆ ಕೊಡುವಾಗ ಅಪಾಯ ಮತ್ತು ಲಾಭವನ್ನು ತೂಗಿ ನೋಡಬಹುದು. ಬೆಳಿಗ್ಗೆ ಎದ್ದು ನೇಗಿಲು ಹೂಡಲು ಹೊರಟವನಿಗೆ, ಕಿಣ್ವದ ಪರೀಕ್ಷೆಯನ್ನೂ ಮಾಡದೆ, ಬರೀ ಗೆರೆ ನೋಡಿ ಈ ಮಾತ್ರೆ ಕೊಡುವ ಹಕ್ಕು ನಮಗೆ ಎಲ್ಲಿಂದ ಬಂತು? ಎದುರು ಪಕ್ಷದವರು ಗರ್ಭಿಣಿಯ ಮಾತೆತ್ತಿದ್ದಾರೆ. ಅವಳನ್ನು ಪರೀಕ್ಷಿಸಲೇಬೇಕು, ಒಪ್ಪುತ್ತೇನೆ. ಆದರೆ ಅದನ್ನು ತಿಂಗಳ ತಪಾಸಣೆಗೆ ಬಂದಾಗಲೇ ಮಾಡಬಹುದು. ಪ್ರೈಮಾಕ್ವಿನ್ ಅವಳಿಗೆ ಹೇಗೂ ನಿಷಿದ್ಧ.

ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ 1,233 ಹಳ್ಳಿಗಳಲ್ಲಿ 2017ರಿಂದ ನಡೆದ ಪ್ರಯೋಗದ ಜೀವಾಳ ಬೇರೆ: ಕಾರ್ಯಕರ್ತರು ಸುತ್ತು ಹಾಕುತ್ತಲೇ ಇರುವುದು, ಜ್ವರವನ್ನು ಬೇಗ ಹಿಡಿಯುವುದು, ಔಷಧ ಮುಗಿಯುವವರೆಗೆ ಬೆನ್ನು ಬಿಡದಿರುವುದು. ಮಲೇರಿಯಾ ಅಲ್ಲಿ ತೀವ್ರವಾಗಿ ಇಳಿಯಿತು. ಮಂಗಳೂರಿನಲ್ಲೂ 2015ರ ಅಕ್ಟೋಬರ್‌ನಿಂದ ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದ ಕಾರ್ಯಕರ್ತರು, ಪ್ರಕರಣ ವರದಿಯಾದ ಕೂಡಲೇ ಆ ಮನೆಗೆ ಹೋಗಿ ಸುತ್ತಮುತ್ತ ಸೊಳ್ಳೆ ಮೊಟ್ಟೆಯಿಡುವ ನೀರು ಹುಡುಕಿದರು. ಮುಂದಿನ ವರ್ಷಗಳಲ್ಲಿ ನಗರದ ಮಲೇರಿಯಾ ಗಣನೀಯವಾಗಿ ತಗ್ಗಿತು. ಸಾವಿರಾರು ಆರೋಗ್ಯವಂತರ ಬೆರಳು ಚುಚ್ಚಲು ಹೋಗುವ ದುಡ್ಡಿನಲ್ಲಿ ಆರೋಗ್ಯ ಸಹಾಯಕರ ಖಾಲಿ ಹುದ್ದೆ ತುಂಬಿ. ರಾತ್ರಿ ಜ್ವರ ಬಂದರೆ ಬೆಳಗಾಗುವುದರೊಳಗೆ ಆಶಾ ಕಾರ್ಯಕರ್ತೆಯ ಬಳಿ ಕಿಟ್ ಮತ್ತು ಪೂರ್ತಿ ಕೋರ್ಸಿನ ಮಾತ್ರೆ ಸಿಗುವಂತಿರಲಿ. ಹದಿನಾಲ್ಕನೇ ದಿನದ ಮಾತ್ರೆ ನುಂಗಿದ್ದನ್ನು ನೋಡಲು, ಮೂತ್ರದ ಬಣ್ಣ ಬದಲಾಯಿತೇ ಎಂದು ಕೇಳಲು ಊರಲ್ಲೇ ಒಬ್ಬರು ಇರಬೇಕು. ಅಭಿಯಾನದ ತಂಡ ಆ ಹೊತ್ತಿಗೆ ಬೇರೆ ತಾಲ್ಲೂಕಿನಲ್ಲಿರುತ್ತದೆ.